ಪ್ರೇಕ್ಷಕರ ನಡುವೆ ನಿಂತು ಪ್ರೊಗ್ರೆಸಿವ್ ರಾಕ್ ಶೋ ರೆಕಾರ್ಡ್ ಮಾಡುವುದು: ಬೆಳಗಾವಿಯವರಿಗೊಂದು ಸಮಗ್ರ ಮಾರ್ಗದರ್ಶಿ

ಪ್ರೊಗ್ರೆಸಿವ್ ರಾಕ್ ಅಂದರೆ ಉದ್ದುದ್ದ, ತಿರುವುಗಳಿರುವ ರಚನೆಗಳ ರಾಕ್ ಸಂಗೀತ. ಅದರಲ್ಲಿ ಒಂದೇ ಹಾಡು ಇಪ್ಪತ್ತು ನಿಮಿಷ ನಡೆಯಬಹುದು. ಮೊದಲ ಐದು ನಿಮಿಷ ಬರೀ ಒಂದು ಅಕೌಸ್ಟಿಕ್ ಗಿಟಾರ್, ಅದರ ಹಿಂದೆ ಕೀಬೋರ್ಡಿನ ತೆಳು ಸ್ವರ. ಪಕ್ಕದವರು ಕೆಮ್ಮಿದರೂ ಕೇಳಿಸುತ್ತದೆ. ಆರನೇ ನಿಮಿಷಕ್ಕೆ ಡ್ರಮ್ಸ್, ಬಾಸ್, ಗಿಟಾರ್ ಎಲ್ಲ ಒಮ್ಮೆಲೇ ಶುರುವಾಗಿ ಎದೆ ನಡುಗುತ್ತದೆ. ಇವೆರಡೂ ಒಂದೇ ರೆಕಾರ್ಡಿಂಗಿನಲ್ಲಿ ಸರಿಯಾಗಿ ಬರಬೇಕು. ಕಷ್ಟ ಇರುವುದು ಅಲ್ಲೇ.

ಮೊಬೈಲ್ ಎತ್ತಿ ಹಿಡಿದರೆ ಆ ಸಣ್ಣ ಸ್ವರವೂ ಬರುವುದಿಲ್ಲ, ದೊಡ್ಡ ಅಬ್ಬರವೂ ಬರುವುದಿಲ್ಲ. ಹಾಗಂತ ಲಕ್ಷ ರೂಪಾಯಿ ಸಾಮಾನು ಬೇಕಂತೇನೂ ಇಲ್ಲ. ನನ್ನ ಪ್ರಕಾರ ಒಳ್ಳೆಯ ರೆಕಾರ್ಡಿಂಗ್ ಅರ್ಧಕ್ಕಿಂತ ಜಾಸ್ತಿ ತೀರ್ಮಾನವಾಗುವುದು ಬ್ಯಾಂಡ್ ಸ್ಟೇಜ್ ಹತ್ತುವ ಮೊದಲೇ. ಯಾರನ್ನು ಕೇಳಿದಿರಿ, ಎಲ್ಲಿ ನಿಂತಿರಿ, ಲೆವೆಲ್ (ರೆಕಾರ್ಡ್ ಆಗುವ ಸದ್ದಿನ ಮಟ್ಟ) ಎಷ್ಟಕ್ಕೆ ಇಟ್ಟಿರಿ, ಮುಖ್ಯವಾದದ್ದು ಇಷ್ಟು. ಈ ಬರಹದಲ್ಲಿ ಜಾಸ್ತಿ ಜಾಗ ಇವಕ್ಕೇ ಕೊಟ್ಟಿದ್ದೇನೆ.

ಹಂತ 1: ಮೊದಲು ಕೇಳಿ

ಪ್ರೇಕ್ಷಕರು ಮಾಡಿದ ರೆಕಾರ್ಡಿಂಗಿನ ಚರಿತ್ರೆಯಲ್ಲಿ ಮೈಕ್ ಮಿಲರ್ಡ್ ಹೆಸರು ದೊಡ್ಡದು. 1970ರ ದಶಕದಲ್ಲಿ ಲಾಸ್ ಏಂಜಲೀಸ್ ಸುತ್ತಮುತ್ತ ಗಾಲಿಕುರ್ಚಿಯಲ್ಲಿ ನಾಕಮಿಚಿ 550 ಕ್ಯಾಸೆಟ್ ಡೆಕ್ ಅಡಗಿಸಿಟ್ಟುಕೊಂಡು ಶೋಗಳಿಗೆ ಹೋಗುತ್ತಿದ್ದವರು. 1975ರ ಏಪ್ರಿಲ್‌ನಲ್ಲಿ ಅವರು ಮಾಡಿದ ಪಿಂಕ್ ಫ್ಲಾಯ್ಡ್ ರೆಕಾರ್ಡಿಂಗ್ ಎಷ್ಟು ಚೆನ್ನಾಗಿತ್ತೆಂದರೆ, ಐವತ್ತು ವರ್ಷದ ನಂತರ ಸಂಗೀತಗಾರ ಸ್ಟೀವನ್ ವಿಲ್ಸನ್ ಅದನ್ನು ತಿದ್ದಿ ಚೊಕ್ಕ ಮಾಡಿದರು, ಅದು ಬ್ಯಾಂಡಿನ ಅಧಿಕೃತ ಬಿಡುಗಡೆಯಲ್ಲೇ ಸೇರಿತು. ಇನ್ನೊಂದು ಕಡೆ ಕಿಂಗ್ ಕ್ರಿಮ್ಸನ್ ಬ್ಯಾಂಡಿನ ರಾಬರ್ಟ್ ಫ್ರಿಪ್ ಇದ್ದಾರೆ. ಪ್ರೇಕ್ಷಕರು ಫೋಟೊ ತೆಗೆಯುವುದು, ರೆಕಾರ್ಡ್ ಮಾಡುವುದು ಎರಡೂ ಬೇಡ ಎಂದು ದಶಕಗಳಿಂದ ಕಟ್ಟುನಿಟ್ಟಾಗಿ ಹೇಳುತ್ತಾ ಬಂದವರು ಅವರು. ಮಿಲರ್ಡ್ ಕೆಲಸ ನನಗೆ ತುಂಬ ಇಷ್ಟ. ಆದರೆ ಅವರ ದಾರಿ ಬೇಡ. ನಮ್ಮೂರಿನ ಶೋಗಳಲ್ಲಿ ಕದ್ದು ಮಾಡುವ ಅಗತ್ಯವೂ ಇಲ್ಲ. ಇಲ್ಲಿಗೆ ಬರುವ ಬ್ಯಾಂಡ್‌ಗಳು ಹೆಚ್ಚಾಗಿ ಕಾಲೇಜು ಫೆಸ್ಟ್‌ಗೆ ಬರುತ್ತವೆ. ಅವರ ಹತ್ತಿರ ಒಳ್ಳೆಯ ಲೈವ್ ರೆಕಾರ್ಡಿಂಗ್ ಇರುವುದು ಕಡಿಮೆ. ನೆಟ್ಟಗೆ ಕೇಳಿದರೆ ಬಹಳ ಸಲ ಖುಷಿಯಿಂದಲೇ ಒಪ್ಪುತ್ತಾರೆ.

ಕಾನೂನೂ ಗೊತ್ತಿರಲಿ. 1957ರ ಕಾಪಿರೈಟ್ ಕಾಯ್ದೆಯಲ್ಲಿ ಕಲಾವಿದರ ಪ್ರದರ್ಶನಕ್ಕೆ ಬೇರೆಯದೇ ಹಕ್ಕಿದೆ. ಅದು 50 ವರ್ಷ ಇರುತ್ತದೆ. ಪ್ರದರ್ಶನವನ್ನು ರೆಕಾರ್ಡ್ ಮಾಡುವ ಹಕ್ಕೂ ಕಲಾವಿದರದ್ದೇ ಎಂದು 38ಎ ಕಲಂ ಹೇಳುತ್ತದೆ. ಮಾಡಿದವರ ಸ್ವಂತ ಬಳಕೆಗೆ ಮಾತ್ರ ಮಾಡಿಕೊಂಡರೆ 39ನೇ ಕಲಂ ವಿನಾಯಿತಿ ಕೊಡುತ್ತದೆ. ಆದರೆ ಯೂಟ್ಯೂಬ್‌ಗೆ ಹಾಕಿದ ಕೂಡಲೇ ಅದು ಸ್ವಂತ ಬಳಕೆ ಆಗಿ ಉಳಿಯುವುದಿಲ್ಲ. ಆಗ ಬ್ಯಾಂಡಿನ ಒಪ್ಪಿಗೆ ಬೇಕೇ ಬೇಕು. ಬೇರೆಯವರ ಹಾಡು ನುಡಿಸಿದ್ದರೆ ಆ ಹಾಡಿನ ಹಕ್ಕುದಾರರ ವಿಷಯವೂ ಬರುತ್ತದೆ. ಟಿಕೆಟ್ ಹಿಂದೆ ರೆಕಾರ್ಡಿಂಗ್ ನಿಷೇಧ ಎಂದಿದ್ದರೆ ಆಯೋಜಕರ ಹತ್ತಿರ ಬೇರೆಯಾಗಿ ಮಾತಾಡಿ.

ಯಾವಾಗ ಕೇಳಬೇಕು? ಶೋಗೆ ಒಂದು ವಾರ ಮೊದಲು ಬ್ಯಾಂಡಿಗೆ ಒಂದು ಸಣ್ಣ ಮೆಸೇಜ್ ಕಳಿಸಿ. ಯಾರು ನೀವು, ಎಲ್ಲಿ ಸ್ಟ್ಯಾಂಡ್ ಇಡುತ್ತೀರಿ, ಮೊದಲ ಪ್ರತಿ ಅವರಿಗೇ ಕೊಡುತ್ತೀರಿ, ಅವರು ಹೂಂ ಅನ್ನದೆ ಎಲ್ಲೂ ಹಾಕುವುದಿಲ್ಲ, ಇಷ್ಟು ಬರೆದರೆ ಸಾಕು. ಉತ್ತರ ಬಂದರೆ ಅದನ್ನು ಫೋನಿನಲ್ಲಿ ಇಟ್ಟುಕೊಳ್ಳಿ. ಗೇಟಿನಲ್ಲಿ ಯಾರಾದರೂ ತಡೆದಾಗ ತೋರಿಸಲು ಬೇಕಾಗುತ್ತದೆ.

ಶೋ ದಿನ ಸಂಜೆ ಸೌಂಡ್‌ನವರನ್ನು ಹೋಗಿ ಮಾತಾಡಿಸಿ. ಇದನ್ನು ಬಿಡಲೇಬೇಡಿ. ಮೈದಾನದಲ್ಲಿ ಯಾವ ಮೂಲೆ ಹೇಗೆ ಕೇಳಿಸುತ್ತದೆ ಅಂತ ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರುವುದಿಲ್ಲ. "ಅಣ್ಣಾರ, ನಿಮ್ಮ ಮಿಕ್ಸರ್ ಬಾಜೂಕ ಒಂದ್ ಸ್ಟ್ಯಾಂಡ್ ಇಡ್ಲೇನ್ರಿ? ಯಾರಿಗೂ ಅಡ್ಡ ಬರಂಗಿಲ್ರಿ" ಅಂದರೆ ಬೇಡ ಅನ್ನುವವರು ಕಡಿಮೆ. ಮಿಕ್ಸರ್ (ಎಲ್ಲ ವಾದ್ಯ, ದನಿಗಳ ಸದ್ದನ್ನು ಬೆರೆಸುವ ಯಂತ್ರ) ಸುತ್ತ ಬ್ಯಾರಿಕೇಡ್ ಕಟ್ಟಿರುತ್ತಾರೆ, ಅಲ್ವಾ? ಅದರೊಳಗೆ ಜಾಗ ಸಿಕ್ಕರೆ ನಿಮ್ಮ ಅರ್ಧ ಚಿಂತೆ ಹೋಯಿತು.

ಹಂತ 2: ಸಾಮಾನು

ಕೈಯಲ್ಲಿ ಹಿಡಿಯುವ ಸಣ್ಣ ಸ್ಟೀರಿಯೊ ರೆಕಾರ್ಡರ್ ಒಂದಿದ್ದರೆ ಶುರು ಮಾಡಬಹುದು. ಜೂಮ್ ಎಚ್1ಎನ್, ಟ್ಯಾಸ್ಕಾಮ್ ಡಿಆರ್-05ಎಕ್ಸ್ ಥರದವು. ಜೂಮ್‌ನಲ್ಲಿ ಎರಡು ಮೈಕ್ ಒಂದರ ಮೇಲೊಂದು ಓರೆಯಾಗಿ ಎಡಕ್ಕೆ ಬಲಕ್ಕೆ ನೋಡುತ್ತವೆ. ಇದಕ್ಕೆ ಎಕ್ಸ್-ವೈ ಎನ್ನುತ್ತಾರೆ. ಎದುರಿನ ಸದ್ದನ್ನು ಜಾಸ್ತಿ ಹಿಡಿಯುತ್ತವೆ. ಟ್ಯಾಸ್ಕಾಮ್‌ನ ಮೈಕ್‌ಗಳು ಓಮ್ನಿ, ಅಂದರೆ ಸುತ್ತಲಿನ ಸದ್ದನ್ನೆಲ್ಲ ಹಿಡಿಯುತ್ತವೆ. ಬಯಲಿನಲ್ಲಿ, ಜನ ಸುಮ್ನೆ ಕೇಳುವ ಕಡೆ ಓಮ್ನಿಯ ಬಾಸ್ ತುಂಬ ಚೆಂದ. ಹಾಲ್‌ನಲ್ಲಿ, ಹಿಂದಿನಿಂದ ಮಾತು ಸೀಟಿ ಜಾಸ್ತಿ ಇರುವ ಕಡೆ ಎದುರಿಗಷ್ಟೇ ನೋಡುವ ಕಾರ್ಡಿಯಾಯ್ಡ್ ಮೈಕೇ ಬೇಕು.

ಒಂದು ವಿಷಯ ಇಲ್ಲಿ ಬಿಡಿಸಿ ಹೇಳಬೇಕು. ರೆಕಾರ್ಡಿಂಗ್ ಒಡೆದಂತೆ, ಕರಕರ ಅಂತ ಬರುವುದಕ್ಕೆ ಎರಡು ಕಾರಣ ಇವೆ. ಒಂದು, ಗೇನ್, ಅಂದರೆ ರೆಕಾರ್ಡರ್ ಸದ್ದನ್ನು ಏರಿಸುವ ಪ್ರಮಾಣ, ಜಾಸ್ತಿ ಆಗಿ ಮೀಟರ್ ತನ್ನ ತುತ್ತತುದಿಯಾದ ಸೊನ್ನೆ ಮುಟ್ಟುವುದು. ಇದು ಕಣ್ಣಿಗೆ ಕಾಣುತ್ತದೆ, ಗೇನ್ ಇಳಿಸಿದರೆ ಮುಗಿಯಿತು. ಇನ್ನೊಂದು, ಮೈಕೇ ಆ ಜೋರು ತಡೆಯದೆ ಸೋಲುವುದು. ಸಣ್ಣ ರೆಕಾರ್ಡರ್‌ಗಳ ಒಳಮೈಕ್ ಸಾಮಾನ್ಯವಾಗಿ 120 ಡಿಬಿ (ಡೆಸಿಬೆಲ್) ಆಸುಪಾಸಿನಲ್ಲಿ ಕೈಚೆಲ್ಲುತ್ತದೆ. ರಾಕ್ ಶೋದ ಸರಾಸರಿ ಜೋರು 100ರಿಂದ 105 ಡಿಬಿ ಇದ್ದರೂ, ಸ್ಪೀಕರ್ ಹತ್ತಿರ ಡ್ರಮ್‌ನ ಒಂದೊಂದು ಏಟು ಆ ಗಡಿ ದಾಟುತ್ತದೆ. ಆಗ ಮೀಟರ್ ಮೈನಸ್ 20 ತೋರಿಸುತ್ತಿದ್ದರೂ ಸದ್ದು ಒಡೆದಿರುತ್ತದೆ. ಗೇನ್ ಎಷ್ಟು ಇಳಿಸಿದರೂ ಸರಿಹೋಗುವುದಿಲ್ಲ. ಅದಕ್ಕಿರುವ ಮದ್ದು ಒಂದೇ, ಹಿಂದೆ ಸರಿಯುವುದು. ಈಗ ಬರುತ್ತಿರುವ 32 ಬಿಟ್ ಫ್ಲೋಟ್ ರೆಕಾರ್ಡರ್‌ಗಳು, ಉದಾಹರಣೆಗೆ ಜೂಮ್ ಎಫ್3, ಲೆವೆಲ್ ಚಿಂತೆಯನ್ನು ಬಹುಮಟ್ಟಿಗೆ ತೆಗೆದುಹಾಕುತ್ತವೆ. ಆದರೆ ಮೈಕ್ ಸೋತರೆ ಅವೂ ಏನೂ ಮಾಡಲಾರವು.

ಫೋನ್ ಬಿಟ್ಟರೆ ಬೇರೇನೂ ಇಲ್ಲ ಅನ್ನುವವರು ಮಾತು ರೆಕಾರ್ಡ್ ಮಾಡುವ ಆ್ಯಪ್ ಬಳಸಬೇಡಿ. ಅದು ಗದ್ದಲ ತೆಗೆಯುತ್ತೇನೆ ಅಂತ ಡ್ರಮ್ಸ್‌ನ ಲೋಹದ ತಟ್ಟೆಗಳ, ಅಂದರೆ ಸಿಂಬಲ್‌ನ ಸದ್ದನ್ನೂ ತೆಗೆದುಬಿಡುತ್ತದೆ. ವೇವ್ (WAV) ಫೈಲ್ ಆಗಿ, ಏನೂ ತಿದ್ದದೆ ಉಳಿಸುವ ಆ್ಯಪ್ ಹುಡುಕಿ. ಫ್ಲೈಟ್ ಮೋಡ್ ಹಾಕಿ.

ಉಳಿದದ್ದು: ಒಂದು ಗಟ್ಟಿ ಸ್ಟ್ಯಾಂಡ್, ಹೊಸ ಬ್ಯಾಟರಿ, ಪವರ್ ಬ್ಯಾಂಕ್, ಖಾಲಿ ಮೆಮೊರಿ ಕಾರ್ಡ್, ಸ್ಟ್ಯಾಂಡಿನ ಕಾಲು ಅಲುಗದಂತೆ ನೆಲಕ್ಕೆ ಅಂಟಿಸಲು ಬಟ್ಟೆ ಟೇಪ್, ಮತ್ತೆ ಮೈಕಿಗೆ ತುಪ್ಪಳದ ಕವರ್. ಬರೀ ಸ್ಪಂಜಿನ ಟೋಪಿ ಸಾಲದು. ಸಹ್ಯಾದ್ರಿ ಪಕ್ಕದಲ್ಲೇ ಇರುವ ಊರು ನಮ್ಮದು. ಬಯಲಿನಲ್ಲಿ ಸಂಜೆ ಗಾಳಿ ಎದ್ದರೆ ಸ್ಪಂಜು ತಡೆಯುವುದಿಲ್ಲ, ಗುಡುಗುಡು ಅನ್ನುವ ಸದ್ದು ಬಾಸ್ ಗಿಟಾರನ್ನೇ ನುಂಗಿಹಾಕುತ್ತದೆ. ಕಿವಿಗೆ ಇಯರ್ ಪ್ಲಗ್ ಬೇಕೇ ಬೇಕು. ಶೋ ನಡೆಯುವ ಜಾಗಗಳಲ್ಲಿ 15 ನಿಮಿಷದ ಸರಾಸರಿ 100 ಡಿಬಿ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ನಮ್ಮ ಮೈದಾನಗಳಲ್ಲಿ ಅದನ್ನು ಅಳೆಯುವವರು ಕಾಣುವುದಿಲ್ಲ.

ಹಂತ 3: ಎರಡು ಮೈಕಿನ ಬಾರ್, ಉದ್ಯಮಬಾಗದಲ್ಲಿ ಮಾಡಿಸುವುದು

ರೆಕಾರ್ಡರ್‌ನ ಒಳಮೈಕೇ ಸಾಕು ಅನ್ನುವವರು ಈ ಹಂತ ದಾಟಿ ಮುಂದೆ ಹೋಗಬಹುದು. ಬೇರೆ ಎರಡು ಕಾರ್ಡಿಯಾಯ್ಡ್ ಮೈಕ್ ಇದ್ದವರಿಗೆ ಮಾತ್ರ ಇದು. ಅಂಥವರಿಗೆ ನಾನು ಹೇಳುವುದು ಓಆರ್‌ಟಿಎಫ್ ಜೋಡಣೆ. ಫ್ರಾನ್ಸಿನ ರೇಡಿಯೊದವರು ರೂಢಿಗೆ ತಂದ ಕ್ರಮ ಇದು. ಎರಡು ಮೈಕಿನ ತುದಿಗಳ ನಡುವೆ 17 ಸೆಂಟಿಮೀಟರ್, ಅವುಗಳ ನಡುವಿನ ಕೋನ 110 ಡಿಗ್ರಿ. ಮನುಷ್ಯನ ಎರಡು ಕಿವಿ ನಡುವಿನ ಅಂತರಕ್ಕೆ ಇದು ಹತ್ತಿರ. ಹಾಗಾಗಿ ಹೆಡ್‌ಫೋನ್ ಹಾಕಿ ಕೇಳಿದಾಗ ಕೀಬೋರ್ಡ್ ಎಡಗಡೆ, ಗಿಟಾರ್ ಬಲಗಡೆ ಅಂತ ಜಾಗ ಸ್ಪಷ್ಟವಾಗಿ ತಿಳಿಯುತ್ತದೆ. ನಾಲ್ಕೈದು ವಾದ್ಯ ಒಂದರೊಳಗೊಂದು ಹೆಣೆದುಕೊಂಡಿರುವ ಈ ಸಂಗೀತಕ್ಕೆ ಅದು ಬಹಳ ಮುಖ್ಯ.

ಎರಡು ಮೈಕನ್ನು ಒಂದೇ ಸ್ಟ್ಯಾಂಡಿನ ಮೇಲೆ ಹಿಡಿಯುವ ಬಾರ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಆದರೆ ಉದ್ಯಮಬಾಗದಂಥ ಕೈಗಾರಿಕಾ ಪ್ರದೇಶ ಊರಲ್ಲೇ ಇಟ್ಟುಕೊಂಡು ಅದನ್ನು ತರಿಸುವುದೇಕೆ? ಯಾವುದಾದರೂ ಸಣ್ಣ ವರ್ಕ್‌ಶಾಪಿಗೆ ಹೋಗಿ. 25 ಸೆಂಟಿಮೀಟರ್ ಉದ್ದದ, 5 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಪಟ್ಟಿ ಕೇಳಿ. ನಡುವೆ ಸ್ಟ್ಯಾಂಡಿಗೆ ಕೂರುವ ಒಂದು ತೂತು. ಎರಡೂ ಕಡೆ ತೂತು ಬೇಡ, ಉದ್ದಕ್ಕೆ ಸ್ಲಾಟ್ ಹೊಡೆಸಿ.

ಸ್ಲಾಟ್ ಯಾಕೆ ಅಂದರೆ, 17 ಸೆಂಟಿಮೀಟರ್ ಅಳೆಯಬೇಕಾದ್ದು ಮೈಕಿನ ತುದಿಯಿಂದ ತುದಿಗೆ. ಕ್ಲಿಪ್‌ನಿಂದ ಕ್ಲಿಪ್‌ಗೆ ಅಲ್ಲ. ಮೈಕ್‌ಗಳು ತಲಾ 55 ಡಿಗ್ರಿ ಹೊರಕ್ಕೆ ತಿರುಗಿರುತ್ತವೆ. ಕ್ಲಿಪ್‌ನಿಂದ ತುದಿಯವರೆಗೆ 5 ಸೆಂಟಿಮೀಟರ್ ಇದ್ದರೆ ಒಂದೊಂದು ಮೈಕ್ ಸುಮಾರು 4 ಸೆಂಟಿಮೀಟರ್ ಹೊರಗೆ ಹೋಗುತ್ತದೆ. ಆಗ ಕ್ಲಿಪ್‌ಗಳ ನಡುವೆ ಇರಬೇಕಾದ್ದು 9 ಸೆಂಟಿಮೀಟರ್ ಮಾತ್ರ. ಮೈಕ್ ಬದಲಾದರೆ ಈ ಲೆಕ್ಕವೂ ಬದಲಾಗುತ್ತದೆ. ಸ್ಲಾಟ್ ಇದ್ದರೆ ಬೋಲ್ಟ್ ಸಡಿಲಿಸಿ ಜರುಗಿಸಿದರಾಯಿತು. ಇನ್ನೊಂದು ಮಾತು. ಮೈಕ್ ಸ್ಟ್ಯಾಂಡಿನ ತಿರುಪು 3/8 ಇಂಚು ಅಥವಾ 5/8 ಇಂಚು ಇರುತ್ತದೆ, ಕ್ಯಾಮೆರಾ ಟ್ರೈಪಾಡ್‌ನದು 1/4 ಇಂಚು. ವರ್ಕ್‌ಶಾಪಿಗೆ ಹೋಗುವಾಗ ನಿಮ್ಮ ಸ್ಟ್ಯಾಂಡನ್ನೇ ಜೊತೆಗೆ ಒಯ್ದರೆ ಗೊಂದಲವಿಲ್ಲ.

ಹಂತ 4: ಜಾಗ

ಇಡೀ ಕೆಲಸದಲ್ಲಿ ಇದಕ್ಕಿಂತ ದೊಡ್ಡದು ಯಾವುದೂ ಇಲ್ಲ. ಸಾಧಾರಣ ರೆಕಾರ್ಡರ್ ಒಳ್ಳೆಯ ಜಾಗದಲ್ಲಿದ್ದರೆ, ಕೆಟ್ಟ ಜಾಗದಲ್ಲಿರುವ ದುಬಾರಿ ಮೈಕನ್ನು ಸುಲಭವಾಗಿ ಸೋಲಿಸುತ್ತದೆ.

ಸ್ಟೇಜಿನ ಎಡ ಬಲ ಎರಡು ಸ್ಪೀಕರ್ ಗೋಪುರ ಇರುತ್ತವೆ. ಅವುಗಳ ನಡುವೆ ಎಷ್ಟು ದೂರವೋ ಸುಮಾರು ಅಷ್ಟೇ ದೂರ ಹಿಂದೆ, ನಡುವಿನಲ್ಲಿ ನಿಲ್ಲಿ. ಗೋಪುರಗಳ ನಡುವೆ 12 ಮೀಟರ್ ಇದ್ದರೆ ನೀವೂ 12 ಮೀಟರ್ ಹಿಂದೆ. ಅದಕ್ಕಿಂತ ಮುಂದೆ ಹೋದರೆ ಹಾಡುಗಾರರ ದನಿ ತೆಳ್ಳಗಾಗುತ್ತದೆ, ಏಕೆಂದರೆ ದನಿ ಬರುವುದು ಸ್ಪೀಕರ್‌ನಿಂದ, ಅವು ನಿಮ್ಮ ಅಕ್ಕಪಕ್ಕ ಆಗಿಬಿಡುತ್ತವೆ. ತೀರಾ ಹಿಂದೆ ಹೋದರೆ ಜನರ ಗದ್ದಲವೇ ಜಾಸ್ತಿ.

ನಟ್ಟನಡುವಿನ ಗೆರೆಯಲ್ಲಿ ಒಂದು ತೊಂದರೆ ಇದೆ. ಎರಡೂ ಕಡೆಯ ಸಬ್ ವೂಫರ್‌ಗಳ (ಬಾಸ್‌ಗೆಂದೇ ಇರುವ ದೊಡ್ಡ ಸ್ಪೀಕರ್‌ಗಳ) ಸದ್ದು ಅಲ್ಲಿ ಒಟ್ಟಿಗೆ ಬಂದು ಸೇರುತ್ತದೆ, ಬಾಸ್ ಉಬ್ಬುತ್ತದೆ. ನಮ್ಮ ಕಡೆ ಬಾಡಿಗೆಗೆ ಬರುವ ಸೌಂಡ್ ಸಿಸ್ಟಂ ಬಹಳಷ್ಟು ಗಣಪತಿ ಮೆರವಣಿಗೆಗೆ, ಮದುವೆಗೆ ಅಂತ ಇಟ್ಟುಕೊಂಡದ್ದು. ಅದರಲ್ಲಿ ಬಾಸ್ ಮೊದಲೇ ಜಾಸ್ತಿ. ಹಾಗಾಗಿ ಶೋಗೆ ಮೊದಲು ಬ್ಯಾಂಡ್ ನುಡಿಸಿ ಸೌಂಡ್ ಹೊಂದಿಸಿಕೊಳ್ಳುವ ಸೌಂಡ್ ಚೆಕ್ ನಡೆಯುವಾಗ ನಡುವಿನಿಂದ ಒಂದೆರಡು ಮೀಟರ್ ಪಕ್ಕಕ್ಕೆ ಹೆಜ್ಜೆ ಹಾಕುತ್ತಾ ಕೇಳಿ. ಬಾಸ್ ಗಿಟಾರಿನ ಒಂದೊಂದು ಸ್ವರ ಬಿಡಿಬಿಡಿಯಾಗಿ ಕೇಳಿಸುವ ಕಡೆ ನಿಂತುಬಿಡಿ.

ಎತ್ತರವೂ ಮುಖ್ಯ. ಮೈಕ್ ಜನರ ತಲೆಗಿಂತ ಮೇಲಿರಬೇಕು, ಏಳೆಂಟು ಅಡಿಯಾದರೂ. ಮೈ, ಬಟ್ಟೆ, ಕೂದಲು ಇವೆಲ್ಲ ಸಿಂಬಲ್‌ನಂಥ ಚೂಪು ಸ್ವರಗಳನ್ನು ಹೀರಿಕೊಳ್ಳುತ್ತವೆ. ತಲೆ ಮಟ್ಟದಲ್ಲಿ ಇಟ್ಟರೆ ರೆಕಾರ್ಡಿಂಗ್ ಮಂಕಾಗಿ, ಕಂಬಳಿ ಮುಚ್ಚಿದ ಹಾಗೆ ಕೇಳಿಸುತ್ತದೆ. ಸ್ಟ್ಯಾಂಡ್ ಎತ್ತರಿಸಿದಾಗ ಹಿಂದಿನವರಿಗೆ ಅಡ್ಡ ಬರುತ್ತದಾ ನೋಡಿ. ಇದಕ್ಕೇ ನಾನು ಮಿಕ್ಸರ್ ಪಕ್ಕದ ಜಾಗ ಕೇಳಿ ಅಂದದ್ದು.

ಬಯಲಿನಲ್ಲಿ ಜನರೇಟರ್ ಎಲ್ಲಿಟ್ಟಿದ್ದಾರೆ ನೋಡಿಕೊಳ್ಳಿ. ಹಾಡು ಜೋರಾಗಿದ್ದಾಗ ಅದು ಗೊತ್ತಾಗುವುದಿಲ್ಲ. ಆ ಅಕೌಸ್ಟಿಕ್ ಗಿಟಾರಿನ ಐದು ನಿಮಿಷದಲ್ಲಿ ಪೂರ್ತಿ ಗೊತ್ತಾಗುತ್ತದೆ. ಟಿಳಕವಾಡಿಯ ರೈಲ್ವೆ ಗೇಟುಗಳ ಆಸುಪಾಸಿನಲ್ಲಿ ಶೋ ಇದ್ದರೆ ರೈಲಿನ ಹಾರ್ನ್ ಬಂದೇ ಬರುತ್ತದೆ. ಅದಕ್ಕೇನೂ ಮಾಡಲಾಗದು. ಆದರೆ ಮೈಕಿನ ಬೆನ್ನು ಹಳಿಯ ಕಡೆ ಇರುವಂತೆ ಜಾಗ ಸಿಕ್ಕರೆ ಕಾರ್ಡಿಯಾಯ್ಡ್ ಅದನ್ನು ಸಾಕಷ್ಟು ತಗ್ಗಿಸುತ್ತದೆ.

ಒಳಾಂಗಣದ ಲೆಕ್ಕ ಬೇರೆ. ಕುಮಾರ ಗಂಧರ್ವ ರಂಗಮಂದಿರದಂಥ, ಕುರ್ಚಿ ಹಾಕಿದ ರಂಗಮಂದಿರಗಳಲ್ಲಿ ಬಯಲಿನಂತೆಯೇ ಲೆಕ್ಕ ಹಾಕಿ ಸ್ವಲ್ಪ ಮುಂದೆ ಬನ್ನಿ. ತಗಡಿನ ಚಾವಣಿಯ ಕಾಲೇಜು ಹಾಲ್, ಕಲ್ಯಾಣ ಮಂಟಪ ಇವೇ ಕಷ್ಟ. ಗೋಡೆ, ನೆಲ, ತಗಡು ಎಲ್ಲ ಸದ್ದನ್ನು ವಾಪಸ್ ಎಸೆಯುತ್ತವೆ. ಅಲ್ಲಿ ಮಾತ್ರ ನಿಯಮ ಬಿಟ್ಟು ಇನ್ನೂ ಮುಂದೆ ಹೋಗಿ, ಹಿಂದಿನ ಗೋಡೆಯಿಂದ ಎಷ್ಟು ದೂರ ಆದೀತೋ ಅಷ್ಟು ದೂರ. ಪ್ರತಿಧ್ವನಿ ಏನು ಮಾಡುತ್ತದೆ ಅಂತ ಕಿವಿಯಾರೆ ತಿಳಿಯಬೇಕಾದರೆ ಒಮ್ಮೆ ವಿಜಯಪುರಕ್ಕೆ ಹೋಗಿ ಗೋಳಗುಮ್ಮಟದ ಮೇಲಿನ ಗ್ಯಾಲರಿಯಲ್ಲಿ ನಿಂತು ಕೇಳಿ. ಯಾರಾದರೂ ಒಂದು ಚಪ್ಪಾಳೆ ಹೊಡೆದರೆ ಏಳಕ್ಕಿಂತ ಜಾಸ್ತಿ ಸಲ ತಿರುಗಿ ಬರುತ್ತದೆ. ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದ್ದು ಎದುರುಗಡೆ ಗೋಡೆಯ ಹತ್ತಿರ ಕೇಳುತ್ತದೆ. ಬರೀ ಪಿಸುಮಾತಿಗೆ ಅದು ಅದ್ಭುತ. ಆದರೆ ಏಳು ಮಾತ್ರೆಯ ಡ್ರಮ್ಸ್ ಅಲ್ಲಿ ನುಡಿಸಿದರೆ ಒಂದು ಏಟು ಇನ್ನೊಂದರ ಮೇಲೆ ಬಿದ್ದು ಲೆಕ್ಕವೇ ಸಿಗುವುದಿಲ್ಲ. ತಗಡಿನ ಹಾಲ್‌ನ ಹಿಂದಿನ ಗೋಡೆಯ ಹತ್ತಿರ ಆಗುವುದೂ ಅದೇ, ಸಣ್ಣ ಪ್ರಮಾಣದಲ್ಲಿ.

ಹಂತ 5: ಸೆಟ್ಟಿಂಗ್ ಮತ್ತು ಲೆವೆಲ್

ಫೈಲ್ ವೇವ್ ಆಗಿರಲಿ, 24 ಬಿಟ್, 48 ಕಿಲೋಹರ್ಟ್ಜ್. ಗಂಟೆಗೆ ಸುಮಾರು 1 ಜಿಬಿ ಆಗುತ್ತದೆ, 32 ಜಿಬಿ ಕಾರ್ಡ್ ಧಾರಾಳ. ಕಾರ್ಡನ್ನು ಕಂಪ್ಯೂಟರಿನಲ್ಲಿ ಬೇಡ, ರೆಕಾರ್ಡರ್‌ನಲ್ಲೇ ಫಾರ್ಮ್ಯಾಟ್ ಮಾಡಿ. ಫೈಲ್ 2 ಅಥವಾ 4 ಜಿಬಿ ಮುಟ್ಟಿದಾಗ ರೆಕಾರ್ಡರ್ ತಾನೇ ಹೊಸ ಫೈಲ್ ಶುರು ಮಾಡುತ್ತದೆ, ಗಾಬರಿ ಬೇಡ.

ಆಟೊ ಲೆವೆಲ್ ಆಫ್ ಮಾಡಿ. ಜೋರು ಸದ್ದನ್ನು ತಾನೇ ಅದುಮುವ ಲಿಮಿಟರ್ ಕೂಡ ಆಫ್. ಇದನ್ನು ಎರಡು ಸಲ ನೋಡಿಕೊಳ್ಳಿ. ಹಿಂದೂಸ್ತಾನಿ ಕೇಳಿ ಬೆಳೆದ ನಮ್ಮ ಕಡೆಯವರಿಗೆ ಇದರ ಕಾರಣ ಬೇಗ ತಿಳಿಯುತ್ತದೆ. ವಿಲಂಬಿತ ಖಯಾಲ್‌ನ ಹಳೆಯ ಕ್ಯಾಸೆಟ್‌ಗಳಲ್ಲಿ ಗಾಯಕರು ಉಸಿರು ತೆಗೆದುಕೊಂಡ ಕೂಡಲೇ ತಂಬೂರಿ ಉಬ್ಬಿ ಮೇಲೆ ಬರುತ್ತದಲ್ಲ, ಅದು ಆಟೊ ಲೆವೆಲ್ ಮಾಡುವ ಕೆಲಸ. ಸದ್ದು ಕಡಿಮೆಯಾದರೆ ಅದು ಗೇನ್ ಏರಿಸುತ್ತದೆ, ಜಾಸ್ತಿಯಾದರೆ ಇಳಿಸುತ್ತದೆ. ಮೆಲ್ಲನೆಯ ಭಾಗಕ್ಕೂ ಅಬ್ಬರಕ್ಕೂ ಇರುವ ವ್ಯತ್ಯಾಸವೇ ಪ್ರೊಗ್ರೆಸಿವ್ ರಾಕ್‌ನ ಜೀವ. ಅದನ್ನು ಸಮತಟ್ಟು ಮಾಡಿದರೆ ಏನೂ ಉಳಿಯುವುದಿಲ್ಲ.

ಕೆಳಗಿನ ಸ್ವರಗಳನ್ನು ಕತ್ತರಿಸುವ ಲೋ ಕಟ್ ಕೂಡ ಸಾಮಾನ್ಯವಾಗಿ ಆಫ್ ಇರಲಿ. ನಾಲ್ಕು ತಂತಿಯ ಬಾಸ್ ಗಿಟಾರಿನ ಕೆಳಗಿನ ಸ್ವರ 41 ಹರ್ಟ್ಜ್, ಐದು ತಂತಿಯದ್ದು 31. ರೆಕಾರ್ಡರ್‌ನ ಲೋ ಕಟ್ 80ಕ್ಕೆ ಇದ್ದರೆ ಇವುಗಳ ಬುಡವೇ ಹೋಯಿತು. ಬೇಕಾದರೆ ಮನೆಯಲ್ಲಿ ತೆಗೆಯಬಹುದು, ಕಳೆದದ್ದನ್ನು ತರಲಾಗದು. ಗಾಳಿ ತುಪ್ಪಳದ ಕವರನ್ನೂ ಮೀರಿ ಬೀಸುತ್ತಿದ್ದರೆ ಮಾತ್ರ ಆನ್ ಮಾಡಿ.

ಈಗ ಲೆವೆಲ್. ಸೌಂಡ್ ಚೆಕ್‌ನಲ್ಲಿ ಇಡೀ ಬ್ಯಾಂಡ್ ಒಟ್ಟಿಗೆ ನುಡಿಸುವಾಗ ಮೀಟರಿನ ತುದಿ ಮೈನಸ್ 16ರಿಂದ ಮೈನಸ್ 12 ಡಿಬಿ ನಡುವೆ ಆಡಬೇಕು. ಕಡಿಮೆ ಆಯ್ತು ಅನ್ನಿಸುತ್ತದೆ. ಇರಲಿ. ಸಂಜೆ ಜನ ತುಂಬಿದ ಮೇಲೆ ಸೌಂಡ್‌ನವರು ವಾಲ್ಯೂಮ್ ಏರಿಸುತ್ತಲೇ ಹೋಗುತ್ತಾರೆ, ಆ ಜಾಗ ಬೇಕಾಗುತ್ತದೆ. 24 ಬಿಟ್‌ನಲ್ಲಿ ಕೆಳಗೆ ಬೇಕಾದಷ್ಟು ಜಾಗ ಇದೆ, ಮನೆಯಲ್ಲಿ 10 ಡಿಬಿ ಏರಿಸಿದರೂ ಗುಂಯ್‌ಗುಡುವುದಿಲ್ಲ.

ಸೌಂಡ್ ಚೆಕ್‌ಗೆ ಹೋಗಲಾಗಲಿಲ್ಲ ಅಂದರೆ? ಮೊದಲ ಹಾಡಿನ ಮೆಲ್ಲನೆಯ ಶುರುವನ್ನು ನೋಡಿ ಮಾತ್ರ ಗೇನ್ ಏರಿಸಬೇಡಿ. ಶೋಗೆ ಮೊದಲು ಸ್ಪೀಕರ್‌ನಲ್ಲಿ ಯಾವುದೋ ಹಾಡು ಹಾಕಿರುತ್ತಾರೆ. ಅದು ಮೈನಸ್ 24ರ ಹತ್ತಿರ ಬರುವಂತೆ ಇಟ್ಟುಬಿಡಿ. ಬ್ಯಾಂಡ್ ಸಾಮಾನ್ಯವಾಗಿ ಅದಕ್ಕಿಂತ 10 ಡಿಬಿಯಷ್ಟು ಜೋರಿರುತ್ತದೆ. ಒಮ್ಮೆ ಇಟ್ಟ ಮೇಲೆ ಕೈ ಹಚ್ಚಬೇಡಿ. ಹಾಡಿನ ಮಧ್ಯೆ ಗೇನ್ ತಿರುಗಿಸಿದರೆ ಆ ಜಾಗ ಮುಂದೆ ಎಂದೆಂದಿಗೂ ಕಿವಿಗೆ ಚುಚ್ಚುತ್ತದೆ. ಮೀಟರ್ ಮೈನಸ್ 3 ದಾಟಿ ಏರುತ್ತಿದ್ದರೆ ಮಾತ್ರ, ಅದೂ ಹಾಡು ಮುಗಿದು ಚಪ್ಪಾಳೆ ಬೀಳುವಾಗ, ಒಂದೇ ಸಲ ಇಳಿಸಿ.

ಹಂತ 6: ಮಿಕ್ಸರ್‌ನಿಂದ ಒಂದು ಲೈನ್

ಸೌಂಡ್‌ನವರು ಒಪ್ಪಿದರೆ ಮಿಕ್ಸರ್‌ನಿಂದ ಇನ್ನೊಂದು ರೆಕಾರ್ಡರ್‌ಗೆ ಒಂದು ಲೈನ್ ತೆಗೆದುಕೊಳ್ಳಿ, ಅಂದರೆ ಕೇಬಲ್ ಮೂಲಕ ನೇರವಾಗಿ ಬರುವ ಸದ್ದು. ಅದನ್ನು ಲೈನ್ ಇನ್‌ಪುಟ್‌ಗೇ ಹಾಕಬೇಕು, ಮೈಕ್ ಇನ್‌ಪುಟ್‌ಗೆ ಹಾಕಿದರೆ ಒಡೆಯುತ್ತದೆ. ರೆಕಾರ್ಡರ್‌ನ 48 ವೋಲ್ಟ್ ಫ್ಯಾಂಟಮ್ ಪವರ್ (ಮೈಕಿಗೆ ಕೇಬಲ್ ಮೂಲಕ ಕಳಿಸುವ ವಿದ್ಯುತ್) ಆಫ್ ಇದೆಯಾ ಅಂತ ಕೇಬಲ್ ಹಾಕುವ ಮೊದಲೇ ನೋಡಿ. ಅವರ ಮಿಕ್ಸರ್‌ಗೆ ತೊಂದರೆಯಾದರೆ ನಿಮ್ಮ ಹೆಸರು ಕೆಡುತ್ತದೆ.

ಬರೀ ಮಿಕ್ಸರ್ ಲೈನನ್ನೇ ನಂಬಬೇಡಿ. ಸಣ್ಣ ಹಾಲ್‌ನಲ್ಲಿ ಡ್ರಮ್ಸ್ ಮತ್ತು ಗಿಟಾರ್ ಆಂಪ್ಲಿಫೈಯರ್ ಸ್ಟೇಜಿನ ಮೇಲೇ ಜೋರಾಗಿರುತ್ತವೆ. ಹಾಗಾಗಿ ಮಿಕ್ಸರ್‌ನಲ್ಲಿ ಅವನ್ನು ಕಡಿಮೆ ಇಟ್ಟಿರುತ್ತಾರೆ. ಲೈನಿನಲ್ಲಿ ದನಿ, ಕೀಬೋರ್ಡ್ ಮುಂದೆ, ಉಳಿದದ್ದು ಎಲ್ಲೋ ದೂರ. ಜನರ ಸದ್ದಂತೂ ಇಲ್ಲವೇ ಇಲ್ಲ. ಮೈಕಿನ ರೆಕಾರ್ಡಿಂಗ್ ಮುಖ್ಯ, ಅದಕ್ಕೆ ದನಿ ಸ್ಪಷ್ಟವಾಗುವಷ್ಟು ಮಾತ್ರ ಲೈನ್ ಬೆರೆಸುವುದು, ಇದು ಸರಿಯಾದ ದಾರಿ ಎಂದು ನನ್ನ ಗಟ್ಟಿ ಅಭಿಪ್ರಾಯ.

ಬೆರೆಸುವಾಗ ಸಮಯ ಹೊಂದಿಸಬೇಕು. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ, ಅಂದರೆ ಮೀಟರಿಗೆ 3 ಮಿಲಿಸೆಕೆಂಡ್. ಸ್ಪೀಕರ್‌ನಿಂದ 20 ಮೀಟರ್ ದೂರದಲ್ಲಿದ್ದರೆ ಮೈಕಿಗೆ ಸದ್ದು ಸುಮಾರು 58 ಮಿಲಿಸೆಕೆಂಡ್ ತಡ. ಲೈನ್ ಟ್ರ್ಯಾಕನ್ನೂ ಅಷ್ಟೇ ತಡವಾಗಿ ಬರುವಂತೆ ಸರಿಸಿ. ಎರಡು ರೆಕಾರ್ಡರ್‌ಗಳ ಗಡಿಯಾರ ಒಂದೇ ವೇಗದಲ್ಲಿ ಓಡುವುದಿಲ್ಲ, ಗಂಟೆ ಕಳೆಯುವಷ್ಟರಲ್ಲಿ ಹತ್ತಾರು ಮಿಲಿಸೆಕೆಂಡ್ ವ್ಯತ್ಯಾಸ ಬರಬಹುದು. ಆದ್ದರಿಂದ ಶುರುವಿನಲ್ಲಿ ಒಂದು, ಕೊನೆಯಲ್ಲಿ ಒಂದು ಸ್ನೇರ್ ಡ್ರಮ್ ಏಟು ಹುಡುಕಿ, ಎರಡೂ ಕಡೆ ಹೊಂದುವಂತೆ ಲೈನನ್ನು ಚೂರು ಎಳೆಯಿರಿ ಅಥವಾ ಕುಗ್ಗಿಸಿ.

ಹಂತ 7: ಶೋ ನಡೆಯುವಾಗ

ಶೋ ಶುರುವಾಗುವ ಹತ್ತು ನಿಮಿಷ ಮೊದಲೇ ರೆಕಾರ್ಡ್ ಒತ್ತಿ. ತಾರೀಕು, ಜಾಗ, ಬ್ಯಾಂಡಿನ ಹೆಸರು, ಮೈಕ್ ಯಾವುದು ಎಂದು ಮೆಲ್ಲನೆ ಹೇಳಿ. ಫೈಲಿನ ಹೆಸರು ಅಳಿಸಿಹೋದರೂ ದನಿ ಉಳಿಯುತ್ತದೆ. ಸಮಯದ ಅಂಕಿ ಓಡುತ್ತಿದೆಯಾ ನೋಡಿ. ಕೆಲವು ರೆಕಾರ್ಡರ್‌ಗಳಲ್ಲಿ ಮೊದಲ ಸಲ ಒತ್ತಿದರೆ ಬರೀ ತಯಾರಾಗುತ್ತದೆ, ಎರಡನೇ ಸಲ ಒತ್ತಿದಾಗಲೇ ಶುರು. ಆಮೇಲೆ ಬಟನ್‌ಗಳನ್ನು ಲಾಕ್ ಮಾಡುವ ಹೋಲ್ಡ್ ಸ್ವಿಚ್ ಹಾಕಿ.

ಸ್ಟ್ಯಾಂಡಿನ ಪಕ್ಕ ನಿಂತವರು ಸೀಟಿ ಹೊಡೆಯಬಾರದು, ಚಪ್ಪಾಳೆಯೂ ಬೇಡ. ಸುತ್ತಲಿನವರಿಗೆ ಮೊದಲೇ ಒಂದು ಮಾತು ಹೇಳಿ, "ರೆಕಾರ್ಡಿಂಗ್ ನಡದೈತ್ರಿ, ಸ್ವಲ್ಪ ನೋಡ್ಕೊಳ್ರಿ" ಅಂತ. ಹೆಚ್ಚಿನವರು ಕೇಳುತ್ತಾರೆ. ದೂರದ ಚಪ್ಪಾಳೆ, ಕೂಗು ಇರಲಿ. ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ಒನ್ಸ್ ಮೋರ್ ಕೇಳುವ ಜನ ನಮ್ಮವರು, ಅದು ರೆಕಾರ್ಡಿಂಗಿನಲ್ಲಿ ಇದ್ದರೇ ಚೆಂದ.

ಪ್ರೊಗ್ರೆಸಿವ್ ಹಾಡಿನಲ್ಲಿ ಎಲ್ಲ ನಿಂತುಹೋಗಿ, ಜನ ಚಪ್ಪಾಳೆ ಹೊಡೆದು, ಮತ್ತೆ ಹಾಡು ಶುರುವಾಗುವುದು ಸಾಮಾನ್ಯ. ಹಾಡು ಮುಗೀತು ಅಂತ ರೆಕಾರ್ಡ್ ನಿಲ್ಲಿಸಬೇಡಿ. ಹಾಡುಗಳ ನಡುವೆಯೂ ಬೇಡ. ಒಂದೇ ಓಟ, ಮೊದಲಿಂದ ಕೊನೆಯವರೆಗೆ.

2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಬಯಲಿನಲ್ಲಿ ರಾತ್ರಿ 10ರ ಮೇಲೆ ಧ್ವನಿವರ್ಧಕ ಬಳಸುವಂತಿಲ್ಲ. ವಿಶೇಷ ಅನುಮತಿ ಇರುವ ದಿನ ಮಾತ್ರ ಬೇರೆ. ಶೋ ತಡವಾಗಿ ಶುರುವಾದರೆ ಬ್ಯಾಂಡ್ ವಿರಾಮ ಬಿಟ್ಟು ಒಂದೇ ಸಮನೆ ನುಡಿಸುತ್ತದೆ, ಕಾರ್ಡ್ ಬ್ಯಾಟರಿ ಬದಲಿಸಲು ಪುರುಸೊತ್ತು ಸಿಗುವುದಿಲ್ಲ. ಪವರ್ ಬ್ಯಾಂಕ್ ಮೊದಲಿನಿಂದಲೇ ಹಚ್ಚಿಡಿ.

ಹಂತ 8: ಮನೆಗೆ ಬಂದ ಮೇಲೆ

ಅವತ್ತೇ ರಾತ್ರಿ ಎರಡು ಕಡೆ ಕಾಪಿ ಮಾಡಿ. ಎರಡೂ ತೆರೆದುಕೊಂಡವು ಅಂತ ಖಾತ್ರಿಯಾಗುವವರೆಗೆ ಕಾರ್ಡ್ ಅಳಿಸಬೇಡಿ. ಮೂಲ ಫೈಲನ್ನು ಯಾವತ್ತೂ ತಿದ್ದಬೇಡಿ, ಕಾಪಿಯ ಮೇಲೆ ಕೆಲಸ ಮಾಡಿ. ಆಡಾಸಿಟಿ ಪುಕ್ಕಟೆ ಸಿಗುತ್ತದೆ, ಈ ಕೆಲಸಕ್ಕೆ ಸಾಕು.

ತಿದ್ದುವುದು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. 100ರಿಂದ 250 ಹರ್ಟ್ಜ್ ನಡುವೆ ಗುಂಯ್ ಅನ್ನುವ ಊತ ಇರುತ್ತದೆ, ಅದನ್ನು 2ರಿಂದ 4 ಡಿಬಿ ಇಳಿಸಿ. ಸಿಂಬಲ್ ಮಂಕಾಗಿದ್ದರೆ 8 ಕಿಲೋಹರ್ಟ್ಜ್ ಮೇಲೆ 1 ಅಥವಾ 2 ಡಿಬಿ ಏರಿಸಿ. ಪಕ್ಕದವರ ಒಂದೊಂದು ಜೋರು ಚಪ್ಪಾಳೆ ಇದ್ದರೆ ಅಷ್ಟೇ ಜಾಗವನ್ನು ಕೈಯಿಂದ ಆರಿಸಿ ತಗ್ಗಿಸಿ. ಗದ್ದಲ ತೆಗೆಯುವ ನಾಯ್ಸ್ ರಿಡಕ್ಷನ್ ಹಚ್ಚಬೇಡಿ, ಅದು ರಿವರ್ಬ್‌ನ (ಸದ್ದು ನಿಂತ ಮೇಲೂ ಉಳಿಯುವ ಗುಂಗಿನ) ಬಾಲವನ್ನು ತಿಂದುಹಾಕುತ್ತದೆ. ಮೆಲ್ಲನೆಯದಕ್ಕೂ ಜೋರಿಗೂ ಇರುವ ಅಂತರ ಕುಗ್ಗಿಸುವ ಕಂಪ್ರೆಸರ್ ಬೇಡ. ಕೊನೆಗೆ ಇಡೀ ಶೋವನ್ನು ಒಟ್ಟಿಗೆ ಆರಿಸಿ, ತುದಿ ಮೈನಸ್ 1 ಡಿಬಿಗೆ ಬರುವಂತೆ ಏರಿಸಿ. ಹಾಡು ಹಾಡಿಗೆ ಬೇರೆ ಬೇರೆ ಏರಿಸಿದರೆ ಮೆಲ್ಲನೆಯ ಹಾಡೂ ಅಬ್ಬರದ ಹಾಡೂ ಒಂದೇ ಆಗಿಬಿಡುತ್ತವೆ.

ಟ್ರ್ಯಾಕ್ ಕತ್ತರಿಸುವುದು ಇಲ್ಲಿ ಸ್ವಲ್ಪ ನಾಜೂಕಿನ ಕೆಲಸ. ಒಂದು ಹಾಡು ನಿಲ್ಲದೆ ಇನ್ನೊಂದಕ್ಕೆ ಜಾರುತ್ತದೆ. ಅದೂ 7, 10, 13 ಮಾತ್ರೆಯ ಲೆಕ್ಕದಲ್ಲಿ. ಇಲ್ಲಿ ನಮ್ಮ ತಾಳದ ಅಭ್ಯಾಸ ಉಪಯೋಗಕ್ಕೆ ಬರುತ್ತದೆ. ರೂಪಕ್, ಝಪ್‌ತಾಲ್ ಎಣಿಸುವ ಹಾಗೆ ಕೈಯಲ್ಲಿ ಆವರ್ತನ ಎಣಿಸಿ. ಹೊಸ ಹಾಡಿನ ಮೊದಲ ಸಮ್ (ಆವರ್ತನದ ಮೊದಲ ಮಾತ್ರೆ) ಎಲ್ಲಿ ಬೀಳುತ್ತದೋ ಅದಕ್ಕೆ ಕೂದಲೆಳೆಯಷ್ಟು ಮುಂಚೆ ಗುರುತು ಹಾಕಿ. ನಡುವೆ ಫೇಡ್ ಬೇಡ, ಖಾಲಿ ಜಾಗವೂ ಬೇಡ. ಬ್ಯಾಂಡ್ ಒಂದು ದೊಡ್ಡ ರಚನೆಯನ್ನು ಭಾಗ ಒಂದು, ಭಾಗ ಎರಡು ಅಂತ ಹೆಸರಿಸಿದ್ದರೂ ನಿಲ್ಲದೆ ನುಡಿಸಿದ್ದನ್ನು ಒಂದೇ ಟ್ರ್ಯಾಕ್ ಆಗಿ ಇಡುವುದು ನನಗಿಷ್ಟ.

ಉಳಿಸುವುದು ಫ್ಲ್ಯಾಕ್ (FLAC) ಫೈಲ್ ಆಗಿ. ಗಾತ್ರ ಹೆಚ್ಚೂಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಸದ್ದಿನಲ್ಲಿ ಒಂದು ಚೂರೂ ಕಳೆಯುವುದಿಲ್ಲ. ಎಂಪಿ3 ಮಾಡಿ ಅದನ್ನೇ ಮೂಲ ಅಂತ ಇಟ್ಟುಕೊಳ್ಳಬೇಡಿ. ಫೋಲ್ಡರ್ ಒಳಗೆ ಒಂದು ಟೆಕ್ಸ್ಟ್ ಫೈಲ್ ಇರಲಿ: ಬ್ಯಾಂಡ್, ತಾರೀಕು, ಬೆಳಗಾವಿಯ ಯಾವ ಜಾಗ, ಮೈಕ್, ರೆಕಾರ್ಡರ್, ಎಲ್ಲಿ ನಿಂತಿದ್ದಿರಿ, ಏನೇನು ತಿದ್ದಿದಿರಿ, ಹಾಡುಗಳ ಪಟ್ಟಿ. ಹಾಡಿನ ಹೆಸರು ಗೊತ್ತಿಲ್ಲದಿದ್ದರೆ ಊಹೆ ಮಾಡಿ ಬರೆಯಬೇಡಿ, ಬ್ಯಾಂಡನ್ನೇ ಕೇಳಿ.

ಹಂತ 9: ಕೊಡುವುದು, ಹಂಚುವುದು

ಮೊದಲ ಪ್ರತಿ ಬ್ಯಾಂಡಿಗೆ. ತಿದ್ದಿದ ಫ್ಲ್ಯಾಕ್ ಜೊತೆಗೆ ತಿದ್ದದ ಮೂಲ ವೇವ್ ಫೈಲನ್ನೂ ಕೊಡಿ, ಅವರ ಎಂಜಿನಿಯರ್ ಇನ್ನೂ ಚೆನ್ನಾಗಿ ಮಾಡಬಹುದು. ಸೌಂಡ್‌ನವರಿಗೂ ಒಂದು ಪ್ರತಿ ಕಳಿಸಿ. ತಮ್ಮ ಕೆಲಸ ಜನರ ನಡುವೆ ಹೇಗೆ ಕೇಳಿಸಿತು ಅಂತ ಅವರಿಗೆ ಯಾರೂ ತೋರಿಸಿರುವುದಿಲ್ಲ.

ಎಲ್ಲರಿಗೂ ಹಂಚಬಹುದು ಎಂದು ಬ್ಯಾಂಡ್ ಬರೆದು ಒಪ್ಪಿದರೆ ಇಂಟರ್ನೆಟ್ ಆರ್ಕೈವ್ ಜಾಲತಾಣದ ಲೈವ್ ಮ್ಯೂಸಿಕ್ ವಿಭಾಗ ಒಳ್ಳೆಯ ಜಾಗ. 2002ರಿಂದ ನಡೆಯುತ್ತಿದೆ, ಒಪ್ಪಿಗೆ ಕೊಟ್ಟ ಬ್ಯಾಂಡ್‌ಗಳ ರೆಕಾರ್ಡಿಂಗ್‌ಗಳನ್ನಷ್ಟೇ ಇಡುತ್ತದೆ. ಹಣಕ್ಕೆ ಮಾರುವ ಮಾತು ಯಾರೇ ಎತ್ತಿದರೂ ಬೇಡ ಅನ್ನಿ. ಒಂದೆರಡು ಹಾಡು ಸರಿ ಬಂದಿಲ್ಲ, ಹಾಕಬೇಡಿ ಎಂದು ಬ್ಯಾಂಡಿನವರು ಹೇಳಿದರೆ ಅವಷ್ಟನ್ನು ಬಿಟ್ಟು ಹಾಕಿ. ಇಡೀ ಶೋವೇ ಬೇಡ ಅಂದರೆ ಫೈಲ್ ನಿಮ್ಮ ಹಾರ್ಡ್ ಡಿಸ್ಕಿನಲ್ಲೇ ಇರಲಿ.